ಮನೆ ತೋರಿಸಿದ್ದು ಚಿಕ್ಕತ್ತೆ, ಕಮಿಷನ್ ತಗೊಂಡಿದ್ದು ಬ್ರೋಕರ್

ಹೋದ ತಿಂಗಳು ನಮ್ಮ ಚಿಕ್ಕತ್ತೆ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಮನೆ ಲೀಸಿಗೆ ಕುದುರಿಸಿಕೊಟ್ಟರು. ಮನೆ ಖಾಲಿ ಆಗ್ತೈತೆ ಅಂತ ಮೊದಲು ಗೊತ್ತಾಗಿದ್ದು ಅವರಿಗೇ, ಹಾಲು ತರೋಕೆ ಹೋದಾಗ. ಮನೆ ಹುಡುಕ್ತಿದ್ದ ಸಂಸಾರಾನ ಕರ್ಕೊಂಡೋಗಿ ತೋರಿಸಿದ್ದು ಅವರು. ನೀರು ಎಷ್ಟು ದಿನಕ್ಕೊಂದು ಸಲ ಬರ್ತದೆ, ಹಿಂದಿನ ಗೋಡೆ ಮಳೆಗೆ ಹೆಂಗೆ ತೇವ ಹಿಡೀತದೆ, ಓನರಮ್ಮ ಮಾತಿಗೆ ಒಳ್ಳೆಯವರಾದ್ರೂ ದುಡ್ಡು ವಾಪಸ್ ಕೊಡೋವಾಗ ಎಷ್ಟು ಸತಾಯಿಸ್ತಾರೆ, ಎಲ್ಲಾ ಬಿಡಿಸಿ ಹೇಳಿದ್ದೂ ಅವರೇ. ಎರಡೂ ಕಡೆ ಮಾತಾಡಿ ಲೀಸಿನ ಮೊತ್ತದಲ್ಲಿ ಐವತ್ತು ಸಾವಿರ ಇಳಿಸಿದ್ದೂ ಅವರೇ. ಅಗ್ರಿಮೆಂಟಿನ ದಿನ ಸ್ಟಾಂಪ್ ಪೇಪರ್ ಹಿಡ್ಕೊಂಡು ಒಬ್ಬ ಬ್ರೋಕರ್ ಬಂದ. ಎರಡೂ ಕಡೆಯಿಂದ ಕಮಿಷನ್ ಎಣಿಸಿ ಜೇಬಿಗಿಟ್ಟ. ಚಿಕ್ಕತ್ತೆಗೆ ಸಿಕ್ಕಿದ್ದು ಅರ್ಧ ಕೇಜಿ ಮೈಸೂರ್ ಪಾಕ್.

"ಹೋಗ್ಲಿ ಬಿಡೇ, ಪುಣ್ಯ ಬರ್ತೈತೆ" ಅಂದ್ರು.

ನನಗೆ ಹೊಟ್ಟೆ ಉರೀತು. ಪುಣ್ಯ ಹೆಂಗಸರಿಗೆ, ದುಡ್ಡು ಗಂಡಸರಿಗೆ ಅಂತ ಹಂಚಿದೋರು ಯಾರು?

ನೀವೇ ಯೋಚನೆ ಮಾಡಿ ಅಕ್ಕಂದಿರಾ. ಯಾರ ಮನೆ ಖಾಲಿ, ಯಾರು ಮಗಳ ಮದುವೆಗೆ ಸೈಟು ಮಾರ್ತಾರೆ, ಯಾರ ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಇದೆಲ್ಲ ಮೊದಲು ನಮ್ಮ ಕಿವಿಗೆ ಬೀಳ್ತದೆ, ಚೀಟಿ ಕೂಗೋ ಜಾಗದಲ್ಲಿ, ಅರಿಶಿನ ಕುಂಕುಮಕ್ಕೆ ಹೋದಲ್ಲಿ. ಅದೇ ಸುದ್ದಿ ಟೀ ಅಂಗಡಿಗೆ ತಲುಪಿದ ಮೇಲೆ ಬಿಸಿನೆಸ್ ಆಗ್ತದೆ. ನಮ್ಮ ಬಾಯಲ್ಲಿದ್ದಾಗ ಮಾತ್ರ ಅದು ಹರಟೆ.

"ಹೆಂಗಸು ಬ್ರೋಕರ್ ಆದ್ರೆ ಹೆಸರು ಕೆಡ್ತದೆ" ಅಂತ ನಮ್ಮನೆಯವರೇ ಅಂದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಈ ಊರಿನ ಎಷ್ಟು ಹೆಣ್ಣುಮಕ್ಕಳು ಕತ್ತಲಲ್ಲೇ ಎದ್ದು, ಬುತ್ತಿ ಕಟ್ಟಿ, ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋದರು! ಬಂಗಾರಪೇಟೆ ದಾಟೋ ಹೊತ್ತಿಗೆ ನಿಲ್ಲೋಕೂ ಜಾಗ ಇರಲ್ಲ. ಆಗ ಕೆಡದ ಹೆಸರು ನಮ್ಮ ಬೀದೀಲೇ ನಾಲ್ಕು ಮನೆ ತೋರಿಸಿ ಕೂಲಿ ಕೇಳಿದ್ರೆ ಕೆಡ್ತದಾ?

ಕೆಟ್ಟಿರೋದು ಬ್ರೋಕರ್ ಅನ್ನೋ ಹೆಸರು. ಅದನ್ನ ಕೆಡಿಸಿದವರು ಸುಳ್ಳು ಹೇಳಿ ಮಾರಿದವರು, ಮತ್ತೆ ಕೇಳಬೇಕಾದ್ದನ್ನ ಕೇಳದೆ ಬಾಯಿ ಮುಚ್ಚಿಕೊಂಡವರು. ಇದನ್ನ ನಾನು ಅನುಭವಿಸಿ ಹೇಳ್ತಿದೀನಿ. ನಮ್ಮ ತೌರಿನ ಜಮೀನು ಬಂಗಾರಪೇಟೆ ಕಡೆ. ತಾತನಿಂದ ಬಂದಿದ್ದು. ಲೇಔಟಿಗೆ ಮಾರಿದಾಗ ಅಣ್ಣ ಕರೆಸಿದ, ಅತ್ತಿಗೆ ಹೋಳಿಗೆ ಮಾಡಿದ್ರು, ಒಂದು ರೇಷ್ಮೆ ಸೀರೆ ಮಡಿಲಿಗಿಟ್ರು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಬ್ರೋಕರ್ "ಅಕ್ಕ, ಇಲ್ಲೊಂದು, ಇಲ್ಲೊಂದು" ಅಂತ ಬೆರಳಿಟ್ಟು ತೋರಿಸಿದ. ಸಹಿ ಹಾಕ್ದೆ, ಹೆಬ್ಬೆಟ್ಟೂ ಒತ್ತಿದೆ. ಅದು ಹಕ್ಕು ಖುಲಾಸೆ ಪತ್ರ ಅಂತ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ. ಅಣ್ಣನ ಮೇಲೆ ಕೋಪ ಇಳಿದೈತೆ. ಆ ಬ್ರೋಕರ್ ಮೇಲೆ ಇಳಿದಿಲ್ಲ. ಎಲ್ಲಾ ಗೊತ್ತಿದ್ದವನು ಅವನೊಬ್ಬನೇ.

2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಮಾರಿದ್ದನ್ನ, ರಿಜಿಸ್ಟರ್ ಆದ ಭಾಗವನ್ನ ಮಾತ್ರ ಕೆದಕೋಕಾಗಲ್ಲ. ಹಂಗಾಗಿ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಮಾರಿದ ಸೈಟು ತಗೊಂಡೋರಿಗೂ ಅದು ನಾಳೆಯ ಕೇಸು. ಮಧ್ಯದಲ್ಲಿ ನಿಂತವಳು ಅಡುಗೆಮನೆಗೆ ಹೋಗಿ, ಸಹಿ ಹಾಕೋ ತಂಗಿ ಪಕ್ಕ ಕೂತು, ಪತ್ರಾನ ಗಟ್ಟಿಯಾಗಿ ಓದಿ ಹೇಳಬೇಕು. ಗಂಡಸು ಬ್ರೋಕರ್ ಅಲ್ಲಿವರೆಗೂ ಬರಲ್ಲ. ಬಂದ್ರೂ ತಂಗಿ ಬಾಯಿ ಬಿಡಲ್ಲ. ನಾವು ಹೋಗಬಹುದು. ಹೆಂಗಸರೆಲ್ಲ ಸತ್ಯವಂತರು ಅಂತ ನಾನು ಹೇಳ್ತಿಲ್ಲ, ನನಗೆ ಸೀರೆ ತಂದುಕೊಟ್ಟಿದ್ದೂ ಹೆಂಗಸೇ.

ಕಲಿಯೋದು ಐತೆ, ಆದ್ರೆ ಬೆಟ್ಟ ಅಲ್ಲ. ಪಹಣಿ, ಮ್ಯುಟೇಷನ್, ಇ.ಸಿ., ಖಾತೆ. ಹಳ್ಳಿ ಸೈಟಾದ್ರೆ ಇ-ಸ್ವತ್ತು. ವ್ಯವಸಾಯದ ಭೂಮೀನ ಸೈಟು ಮಾಡಿದ್ರೆ ಕನ್ವರ್ಷನ್ ಆಗಿದೆಯಾ ಅಂತ ನೋಡಬೇಕು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದ್ರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಐತೆ, ಸರ್ಕಾರದ ಅನುಮತಿ ಇಲ್ಲದೆ ಅದನ್ನ ಮಾರೋ ಹಂಗಿಲ್ಲ. ನಮ್ಮ ಕೆ.ಜಿ.ಎಫ್.ನಲ್ಲಿ ಇನ್ನೊಂದು ತಲೆನೋವು, ಕಂಪನಿ ಲೈನ್ ಮನೆ. ಮೂರು ತಲೆಮಾರು ಬಾಳಿದ್ದೂ ಒಂದೇ, ಮನೆ ನಮ್ಮ ಹೆಸರಲ್ಲಿರೋದೂ ಒಂದೇ ಅಂತ ಯಾರಾದ್ರೂ ಅಂದ್ರೆ ಪತ್ರ ತೋರ್ಸಿ ಅನ್ನಬೇಕು. ಐನೂರು ರೂಪಾಯಿ ತರಕಾರಿಗೆ ಹತ್ತು ಸಲ ತಿರುವಿ ನೋಡೋ ನಮಗೆ ಇದು ಬರಲ್ವಾ?

ಬಾಡಿಗೆ, ಲೀಸು, ಹಳೇ ಮನೆ ಮಾರಾಟ ಮಾಡಿಸೋಕೆ ರೇರಾ ನೋಂದಣಿ ಬೇಕಿಲ್ಲ. ರೇರಾದಲ್ಲಿ ನೋಂದಣಿಯಾದ ಲೇಔಟಿನ ಸೈಟು ಮಾರಿಸಬೇಕಾದ್ರೆ ಏಜೆಂಟೂ ನೋಂದಣಿ ಮಾಡಿಸಲೇಬೇಕು. ಇಲ್ಲಾಂದ್ರೆ ದಿನಕ್ಕೆ 10,000 ರೂಪಾಯಿ ದಂಡ, 2016ರ ಕಾಯ್ದೆಯಲ್ಲೇ ಬರೆದೈತೆ.

ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇತಮಂಗಲದ ಕಡೆ ಹಾದ ಮೇಲೆ "ಮನೆಯಲ್ಲೇ ಕೂತು ಲಕ್ಷ ದುಡೀರಿ ಮೇಡಂ" ಅಂತ ಫೋನ್ ಮಾಡೋರು ಜಾಸ್ತಿ ಆಗವ್ರೆ. ಅವರಿಗೆ ಬೇಕಾಗಿರೋದು ನಮ್ಮ ಬುದ್ಧಿ ಅಲ್ಲ, ನಮ್ಮ ನೆಂಟರ ಪಟ್ಟಿ. ಓರಗಿತ್ತಿಯ ಚೀಟಿ ದುಡ್ಡು, ಪಕ್ಕದ ಮನೆಯವರ ಪಿ.ಎಫ್. ದುಡ್ಡು ತಂದು ಸುರಿದು, ನಾಳೆ ಲೇಔಟಿಗೆ ದಾರೀನೇ ಇಲ್ಲ ಅಂದಾಗ ಬೈಸಿಕೊಳ್ಳೋರು ನಾವು. ಇಂಥವರ ಸಹವಾಸಕ್ಕಿಂತ ಮೈಸೂರ್ ಪಾಕೇ ವಾಸಿ. ಈ ಕೆಲಸದಲ್ಲಿ ಎರಡು ತಿಂಗಳು ಕೈಗೆ ಒಂದು ಪೈಸೆ ಬರದೆ ಇರಬಹುದು, ಅದನ್ನೂ ತಿಳ್ಕೊಂಡೇ ಇಳೀಬೇಕು.

ಆದ್ರೆ ಆ ಲೀಸಿನ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಚಿಕ್ಕತ್ತೆ ಮುಖ ನೀವು ನೋಡಬೇಕಿತ್ತು. ಆ ಮನೆ ಕೂಸು ಓಡಿಬಂದು ಇವರ ಸೆರಗು ಹಿಡ್ಕೊಂತು. ನಲವತ್ತು ವರ್ಷ ಬೇಯಿಸಿ ಹಾಕಿದ್ದಕ್ಕೆ ಆ ಮುಖದಲ್ಲಿ ಅಂಥ ಕಳೆ ನಾನು ಕಂಡಿಲ್ಲ.

ಮೊನ್ನೆ ಆಂಡರ್ಸನ್‌ಪೇಟೆಯಿಂದ ಫೋನ್ ಬಂತು, ಮೇಲಿನ ಮನೆ ಖಾಲಿ ಐತೆ, ಯಾರಾದ್ರೂ ಇದ್ರೆ ಹೇಳಿ ಅಂತ. ನಾನು ಪಕ್ಕದಲ್ಲೇ ಕೂತು ಕಣ್ಣು ಬಿಟ್ಟೆ. ಚಿಕ್ಕತ್ತೆ ಗಂಟಲು ಸರಿ ಮಾಡ್ಕೊಂಡು, "ಜನ ಅವ್ರೆ. ಕರ್ಕೊಂಡು ಬರ್ತೀನಿ. ಕುದುರಿದ್ರೆ ಒಂದು ತಿಂಗಳ ಬಾಡಿಗೆ ನಂಗೆ ಕೊಡಬೇಕಮ್ಮಾ. ಸ್ವೀಟ್ ಬೇಡ, ನಂಗೆ ಶುಗರ್ ಐತೆ" ಅಂದ್ರು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಅರ್ಧ ತಿಂಗಳದ್ದು ಕೊಡ್ತೀವಿ" ಅಂದ್ರು. ಭಾನುವಾರ ಮನೆ ನೋಡೋಕೆ ಜೊತೆಗೆ ನಾನೂ ಹೋಗ್ತಿದೀನಿ.