ಹಳೆಯ ಪಿಕಪ್ಪಿಗೆ ವಿದ್ಯುತ್ತಿನ ಫ್ಯಾನು

ಹಳೆಯ ವಸ್ತುವನ್ನು ಎಸೆಯದೆ ತಿದ್ದಿ ಬಳಸುವುದು ಗೃಹಸ್ಥನಿಗೆ ಭೂಷಣವೇ ಸರಿ. ಆದರೆ ತಿದ್ದುವುದಕ್ಕೆ ಮೊದಲು ಆ ವಸ್ತುವಿನ ಪ್ರಕೃತಿಯನ್ನು ಅರಿಯಬೇಕು. ಹಳೆಯ ಪಿಕಪ್ ಗಾಡಿಗೆ ವಿದ್ಯುತ್ತಿನ ಫ್ಯಾನನ್ನು ಜೋಡಿಸುವ ವಿಷಯವನ್ನು ಈ ದೃಷ್ಟಿಯಿಂದ ಈ ತಿಂಗಳು ವಿಚಾರಿಸೋಣ.

ಅಮೆರಿಕದ ಫೋರ್ಡ್ ಎಫ್-100 ಗಾಡಿಯ 1956ರ ಮಾದರಿಯನ್ನು ನಿದರ್ಶನವಾಗಿ ತೆಗೆದುಕೊಳ್ಳುವೆವು. ಇಂತಹ ಗಾಡಿಗಳನ್ನು ಇಂದಿಗೂ ಅಲ್ಲಿ ಅಕ್ಕರೆಯಿಂದ ಕಾಪಾಡಿಕೊಂಡಿರುವವರುಂಟು. ಇದರಲ್ಲಿ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿನಿಂದಲೇ ತಿರುಗುವುದು. ಎಂಜಿನ್ನು ಮಂದವಾದರೆ ಫ್ಯಾನೂ ಮಂದ. ಗಾಡಿಯು ಸಂದಣಿಯಲ್ಲಿ ನಿಂತಾಗ ಗಾಳಿಯು ಅವಶ್ಯಕ. ಆಗಲೇ ಅದು ಸಾಲದು. ವೇಗವಾಗಿ ಓಡುವಾಗ ಎದುರುಗಾಳಿಯೇ ಸಾಕು. ಆಗ ಫ್ಯಾನು ವ್ಯರ್ಥವಾಗಿ ಎಂಜಿನ್ನಿನ ಬಲವನ್ನು ತಿನ್ನುವುದು. ವಿದ್ಯುತ್ತಿನ ಫ್ಯಾನಾದರೋ ಎಂಜಿನ್ನಿನ ವೇಗವನ್ನು ಅವಲಂಬಿಸದೆ, ಶಾಖವು ಏರಿದಾಗ ಮಾತ್ರ ತಿರುಗುವುದು.

ಆದರೂ ನಿದಾನವನ್ನರಿಯದೆ ಔಷಧವನ್ನು ಕೊಡಲಾಗದು. ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂಬ ಪರೀಕ್ಷೆಯುಂಟು. ಅದಿದ್ದರೆ ಇದಿರುವುದು, ಅದಿಲ್ಲದಿದ್ದರೆ ಇದಿಲ್ಲದಿರುವುದು ಎಂದು ಕಂಡಾಗಲೇ ಒಂದನ್ನು ಮತ್ತೊಂದರ ಕಾರಣವೆನ್ನಬೇಕು. ಗಾಡಿ ನಿಂತಾಗ ಶಾಖವೇರಿ, ಓಡತೊಡಗಿದೊಡನೆ ಇಳಿದರೆ ಗಾಳಿಯ ಕೊರತೆಯೇ ದೋಷ, ಫ್ಯಾನು ಉಪಕರಿಸುವುದು. ಸಮವಾದ ರಸ್ತೆಯಲ್ಲಿ ವೇಗವಾಗಿ ಓಡುವಾಗಲೇ ಶಾಖವೇರಿದರೆ, ರೇಡಿಯೇಟರಿನ ಕೊಳವೆಗಳು ಕಟ್ಟಿವೆಯೋ, ಥರ್ಮೊಸ್ಟಾಟು ತೆರೆಯದಿದೆಯೋ, ನೀರಿನ ಪಂಪು ಸವೆದಿದೆಯೋ ನೋಡಬೇಕು. ಅಲ್ಲಿ ಹೊಸ ಫ್ಯಾನನ್ನು ನಂಬಿ ಕುಳಿತರೆ ಹಣವೂ ಹೋದೀತು, ಎಂಜಿನ್ನಿನ ಹೆಡ್ಡೂ ಸೊಟ್ಟಗಾದೀತು.

ಇನ್ನು ಆಯವ್ಯಯದ ಲೆಕ್ಕ. ಸಂಸಾರದಲ್ಲಿ ಹೇಗೋ ವಿದ್ಯುತ್ತಿನಲ್ಲಿಯೂ ಹಾಗೆಯೇ, ಆದಾಯವನ್ನು ಮೀರಿದ ವೆಚ್ಚವು ಕೂಡದು. ಈ ಗಾಡಿಯ ಡೈನಮೊ ಕೊಡುವುದು ಸುಮಾರು 30 ಆಂಪಿಯರು. ಎಂಜಿನ್ನು ಮಂದವಾಗಿದ್ದಾಗ ಅದಕ್ಕಿಂತ ಬಹು ಕಡಮೆ. ದೊಡ್ಡ ಫ್ಯಾನೊಂದೇ 25 ಆಂಪಿಯರನ್ನು ಬೇಡುವುದುಂಟು. ದೀಪಗಳಿಗೆ 10, ಇಗ್ನಿಷನ್ನಿಗೆ 4 ಎಂದು ಸ್ಥೂಲವಾಗಿ ಕೂಡಿಸಿದರೆ ವೆಚ್ಚವು 39 ಆಯಿತು. ಕೊರತೆಯನ್ನು ಬ್ಯಾಟರಿಯೇ ತುಂಬಬೇಕು. ರಾತ್ರಿಯ ಸಂದಣಿಯಲ್ಲಿ ನಿಂತ ಗಾಡಿಯ ಬ್ಯಾಟರಿಯು ಬೇಗನೆ ಬರಿದಾಗುವುದು. ಆದುದರಿಂದ ಮೊದಲು 60 ಆಂಪಿಯರಿಗೆ ಕಡಮೆಯಿಲ್ಲದ ಆಲ್ಟರ್ನೇಟರು, ಬಳಿಕ ಫ್ಯಾನು. 1956ಕ್ಕೆ ಹಿಂದಿನ ಎಫ್-100 ಗಾಡಿಗಳು 6 ವೋಲ್ಟಿನವು. ಅವುಗಳಿಗೆ 12 ವೋಲ್ಟಿನ ಫ್ಯಾನು ನೇರವಾಗಿ ಸಲ್ಲದು.

ಜೋಡಿಸುವಾಗ ಎಂಜಿನ್ನು ತಣಿದ ಮೇಲೆ ಬ್ಯಾಟರಿಯ ತಂತಿಯನ್ನು ಕಳಚಬೇಕು. ಹಳೆಯ ಫ್ಯಾನಿನ ಬೋಲ್ಟುಗಳೇ ಪುಲ್ಲಿಯನ್ನೂ ಹಿಡಿದಿರುವುವು. ಫ್ಯಾನಿನ ದಪ್ಪವು ಕಳೆದುದರಿಂದ ಅವುಗಳಿಗೆ ಬದಲು ಗಿಡ್ಡ ಬೋಲ್ಟುಗಳು ಬೇಕಾದಾವು. ಹೊಸ ಫ್ಯಾನು ರೇಡಿಯೇಟರಿನ ಹಿಂದೆ ನಿಂತು ಗಾಳಿಯನ್ನು ಎಳೆಯುವುದು ಶ್ರೇಷ್ಠ. ಸುತ್ತಲೂ ತಗಡಿನ ಕವಚವಿದ್ದರೆ ರೇಡಿಯೇಟರಿನ ಮೂಲೆಗಳಿಗೂ ಗಾಳಿ ಹಾಯುವುದು. ಪ್ಲಾಸ್ಟಿಕ್ ಪಟ್ಟಿಗಳನ್ನು ರೇಡಿಯೇಟರಿನ ಒಳಗೆ ತೂರಿಸಿ ಫ್ಯಾನನ್ನು ಕಟ್ಟುವವರುಂಟು. ಅದುರಿ ಅದುರಿ ಕೊಳವೆಯು ಸವೆದು ನೀರು ಸೋರುವುದು. ಕಬ್ಬಿಣದ ಪಟ್ಟಿಗಳಿಂದ ಚೌಕಟ್ಟಿಗೇ ಬಿಗಿಯುವುದು ಲೇಸು.

ಫ್ಯಾನಿನ ಪೂರ್ಣಪ್ರವಾಹವನ್ನು ಸಣ್ಣ ಸ್ವಿಚ್ಚಿನ ಮೂಲಕ ಹಾಯಿಸಬಾರದು. ಸ್ವಿಚ್ಚು ರಿಲೇಗೆ ಆಜ್ಞೆ ಮಾಡಲಿ, ರಿಲೇಯು ಭಾರವನ್ನು ಹೊರಲಿ. ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸು ಇರಲೇಬೇಕು. ಇಲ್ಲವಾದರೆ ತಂತಿಯು ಉಜ್ಜಿ ತಗಡಿಗೆ ತಾಗಿದ ದಿನ ಬೆಂಕಿಯೇಳುವುದು. ಥರ್ಮೊಸ್ಟಾಟು 82 ಡಿಗ್ರಿ ಸೆಲ್ಸಿಯಸ್ಸಿಗೆ ತೆರೆಯುವುದಾದರೆ, ಫ್ಯಾನು 95ರ ಸುಮಾರಿಗೆ ಹೊರಟು 88ರ ಸುಮಾರಿಗೆ ನಿಲ್ಲಲಿ. 82ಕ್ಕಿಂತ ಕೆಳಗೆ ನಿಲ್ಲಬೇಕೆಂದು ವಿಧಿಸಿದರೆ ಅದು ನಿಲ್ಲುವುದೇ ದುರ್ಲಭ.

ಮನೆಯವರೆಲ್ಲರೂ, ಮುಖ್ಯವಾಗಿ ಮಕ್ಕಳು, ಒಂದು ಸಂಗತಿಯನ್ನು ನೆನಪಿಡಬೇಕು. ಹಳೆಯ ಫ್ಯಾನು ಎಂಜಿನ್ನು ನಿಂತರೆ ನಿಲ್ಲುತ್ತಿತ್ತು. ಹೊಸದು ಬ್ಯಾಟರಿಗೆ ನೇರವಾಗಿ ಕೂಡಿದ್ದರೆ, ಎಂಜಿನ್ನು ಆರಿದ ಮೇಲೂ ಸದ್ದಿಲ್ಲದೆ ಹೊರಟೀತು, ಅಲ್ಲಿ ಬೆರಳಿಡಲಾಗದು. ಕಳಚಿದ ಹಳೆಯ ಫ್ಯಾನನ್ನು ಗುಜರಿಗೆ ಹಾಕದೆ, ಅದರ ಉದ್ದನೆಯ ಬೋಲ್ಟುಗಳ ಸಹಿತ ಕೊಟ್ಟಿಗೆಯಲ್ಲಿ ಇರಿಸಿಕೊಳ್ಳಿರಿ. ಹೊಸದು ಕೈಕೊಟ್ಟ ದಿನ ಅದೇ ಗಾಡಿಯನ್ನು ನಡೆಸುವುದು.