ಪ್ರವಾಸದ ಒಲೆಗೆ ತಕ್ಕ ಅನಿಲ

ಬೇಸಿಗೆಯ ರಜೆ ಸಮೀಪಿಸುತ್ತಿದ್ದಂತೆ ಮನೆಮನೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಮಕ್ಕಳಿಗೆ ಗುಡಾರದಲ್ಲಿ ಮಲಗುವ ಹಂಬಲ. ಯಜಮಾನರಿಗೆ ಹಿಮದ ಬೆಟ್ಟವನ್ನು ಕಣ್ಣಾರೆ ಕಾಣುವ ಆಸೆ. ಗೃಹಿಣಿಗೆ ಮಾತ್ರ, ಅಲ್ಲಿ ಬೆಳಗಿನ ಕಾಫಿಯ ಗತಿಯೇನು ಎಂಬ ಚಿಂತೆ. ಚಿಂತೆಗೆ ಪರಿಹಾರವಾಗಿ ಅಂಗೈಯಗಲದ ಪುಟ್ಟ ಒಲೆಯೊಂದು ಮನೆಗೆ ಬರುತ್ತದೆ. ತೊಡಕು ಹುಟ್ಟುವುದು ಆಮೇಲೆ. ಅಡುಗೆಮನೆಯ ರೆಗ್ಯುಲೇಟರು ಅದಕ್ಕೆ ಕೂಡುವುದಿಲ್ಲ. ಅಂಗಡಿಯಿಂದ ತಂದ ಅನಿಲದ ಡಬ್ಬಿಯ ಬಾಯಿ ಒಲೆಯ ತಿರುಪಿಗೆ ಹೊಂದುವುದಿಲ್ಲ. "ಇನ್ನೊಂದಿಷ್ಟು ಬಲವಾಗಿ ತಿರುಗಿಸಿದರೆ ಕೂತೀತು" ಎನ್ನುವವರು ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಇರುತ್ತಾರೆ. ಮೊದಲು ಅವರ ಕೈಯಿಂದ ಒಲೆಯನ್ನು ಬಿಡಿಸಿಕೊಳ್ಳುವುದು ಕ್ಷೇಮ.

ಡಬ್ಬಿಗಳ ಬಾಯಿ ಒಂದೇ ತೆರನಲ್ಲ. ಚಾರಣಿಗರು ಹೆಚ್ಚಾಗಿ ಬಳಸುವುದು ಗುಮ್ಮಟದಾಕಾರದ, ಮೇಲ್ಗಡೆ ತಿರುಪುಳ್ಳ ಡಬ್ಬಿ. ಒಲೆಯನ್ನು ಬಿಚ್ಚಿದೊಡನೆ ಇದರ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅರ್ಧ ಬಳಸಿ ಎತ್ತಿಡಬಹುದು. ಎರಡನೆಯದು ಚುಚ್ಚುವ ಡಬ್ಬಿ. ಒಲೆಯ ಮೊನೆ ಅದನ್ನು ತೂತು ಮಾಡಿಯೇ ಅನಿಲವನ್ನು ಪಡೆಯುವುದರಿಂದ ಪೂರ್ತಿ ಬರಿದಾಗುವವರೆಗೆ ಬೇರ್ಪಡಿಸುವಂತಿಲ್ಲ. ಕುತೂಹಲಕ್ಕಾಗಿ ನಡುವೆ ಬಿಚ್ಚುವ ಮಕ್ಕಳಿರುವ ಮನೆಗೆ ಇದು ಹೇಳಿಸಿದ್ದಲ್ಲ. ಮೂರನೆಯದು ನೀಳವಾದ ಡಬ್ಬಿ. ಮೇಜಿನ ಮೇಲಿಡುವ ಚಪ್ಪಟೆ ಒಲೆಯ ಪಕ್ಕದ ಗೂಡಿನಲ್ಲಿ ಅಡ್ಡಲಾಗಿ ಮಲಗುತ್ತದೆ. ಅದರ ಕಂಠದಲ್ಲಿರುವ ಕಚ್ಚು ಮೇಲ್ಮುಖವಾಗಿರಬೇಕು. ಕೆಳಮುಖವಾದರೆ ಆವಿಯ ಬದಲು ದ್ರವವೇ ಒಲೆಗೆ ಹರಿದು ಜ್ವಾಲೆ ಮೇಲೇಳುತ್ತದೆ. ಈ ಒಲೆಯ ಮೇಲೆ ನಮ್ಮ ಮನೆಗಳ ದೊಡ್ಡ ದೋಸೆಯ ಕಾವಲಿಯನ್ನು ಎಂದಿಗೂ ಇಡಬಾರದು. ಕಾವಲಿಯ ಅಂಚು ಗೂಡಿನ ಮೇಲೆ ಚಾಚಿ, ಅದರ ಕಾವಿಗೆ ಡಬ್ಬಿಯೇ ಸಿಡಿಯಬಹುದು.

ಇನ್ನು ರೆಗ್ಯುಲೇಟರಿನ ವಿಚಾರ. 30 ಡಿಗ್ರಿ ಉಷ್ಣತೆಯಲ್ಲಿ ಬ್ಯುಟೇನ್ ಅನಿಲವು ಡಬ್ಬಿಯೊಳಗಿನಿಂದ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂನಷ್ಟು ಒತ್ತುತ್ತದೆ. ಪ್ರೊಪೇನ್ ಆದರೆ 10 ಕಿಲೋಗ್ರಾಂನಷ್ಟು. ನಮ್ಮ ಅಡುಗೆಮನೆಯ ರೆಗ್ಯುಲೇಟರು, ಒಳಗಿರುವ ತೆಳುಪೊರೆ ಮತ್ತು ಸ್ಪ್ರಿಂಗಿನ ನೆರವಿನಿಂದ, ಒಳಗಿನ ಈ ಭಾರಿ ಒತ್ತಡವನ್ನು ಕೇವಲ 30 ಗ್ರಾಂಗೆ ಇಳಿಸಿ ಒಲೆಗೆ ಕಳಿಸುತ್ತದೆ. ಅಷ್ಟು ಸೌಮ್ಯವಾದ ಹರಿವಿಗೆ ತಕ್ಕಂತೆ ಮನೆಯ ಒಲೆಯ ಜೆಟ್ಟಿನ ರಂಧ್ರ ದೊಡ್ಡದು. ಚಾರಣದ ಒಲೆಯ ರಂಧ್ರವಾದರೋ ಕೂದಲೆಳೆಯಷ್ಟು. ಡಬ್ಬಿಯ ನೇರ ಒತ್ತಡಕ್ಕೆಂದೇ ಕೊರೆದದ್ದು. ಮನೆಯ ರೆಗ್ಯುಲೇಟರನ್ನು ಇದಕ್ಕೆ ಜೋಡಿಸಿದರೆ ಉರಿ ಮಿಣುಕುತ್ತದೆ, ಅಷ್ಟೇ. ರೆಗ್ಯುಲೇಟರಿಲ್ಲದೆ ಮನೆಯ ಒಲೆಯನ್ನು ಸಿಲಿಂಡರಿಗೆ ಜೋಡಿಸಿದರೆ ಉರಿ ಆಳೆತ್ತರಕ್ಕೆ ನೆಗೆಯುತ್ತದೆ. ಆದಕಾರಣ ಒಲೆಯ ಮೇಲೋ ಕೈಪಿಡಿಯಲ್ಲೋ ಬರೆದಿರುವ ಒತ್ತಡವನ್ನೂ ಅನಿಲದ ಹೆಸರನ್ನೂ ಓದಿಯೇ ಡಬ್ಬಿಯನ್ನು ಕೊಳ್ಳಬೇಕು. ಒಂದು ಬಾಯಿಯನ್ನು ಇನ್ನೊಂದಕ್ಕೆ ಹೊಂದಿಸುವ ಹಿತ್ತಾಳೆಯ ಕೊಂಡಿಗಳು ಅಗ್ಗವಾಗಿ ದೊರೆಯುತ್ತವೆ. ಅವು ಬಾಯಿಯನ್ನು ಹೊಂದಿಸುತ್ತವೆಯೇ ಹೊರತು ಒತ್ತಡವನ್ನಲ್ಲ.

ಚಳಿಯ ಊರಿಗೆ ಹೊರಟವರು ಡಬ್ಬಿಯೊಳಗೇನಿದೆ ಎಂಬುದನ್ನೂ ನೋಡಬೇಕು. ಬ್ಯುಟೇನ್ ಆವಿಯಾಗುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಐಸೋಬ್ಯುಟೇನ್ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ. ಪ್ರೊಪೇನ್ 42 ಡಿಗ್ರಿ ಕೆಳಗೆ. ಹಿಮಾಚಲದ ಮುಂಜಾವಿನಲ್ಲಿ ಬರಿಯ ಬ್ಯುಟೇನಿನ ಡಬ್ಬಿಯನ್ನು ಅಲುಗಿಸಿದರೆ ಒಳಗೆ ದ್ರವ ತುಳುಕುತ್ತದೆ, ಉರಿ ಮಾತ್ರ ಬಾರದು. ಅನಿಲ ಹೊರಬೀಳುತ್ತ ಡಬ್ಬಿಯನ್ನು ಇನ್ನಷ್ಟು ತಣ್ಣಗಾಗಿಸುವುದರಿಂದ ಹೊತ್ತಿದ ಉರಿಯೂ ಕ್ರಮೇಣ ಸೊರಗುತ್ತದೆ. ಅಂಥ ಕಡೆಗೆ ಐಸೋಬ್ಯುಟೇನ್, ಪ್ರೊಪೇನ್ ಬೆರೆತ ಡಬ್ಬಿಯೇ ತಕ್ಕದ್ದು.

ಖಾಲಿ ಡಬ್ಬಿಗೆ ಮನೆಯ ಸಿಲಿಂಡರಿನಿಂದ ಅನಿಲ ತುಂಬಿಸಿಕೊಡುವ ಜಾಣರೂ ಉಂಟು. ಇದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಅಡುಗೆ ಅನಿಲದಲ್ಲಿ ಪ್ರೊಪೇನೂ ಬೆರೆತಿರುತ್ತದೆ; ಬ್ಯುಟೇನಿಗೆಂದು ಮಾಡಿದ ತೆಳುತಗಡಿನ ಡಬ್ಬಿ ಅದರ ಒತ್ತಡವನ್ನು ತಾಳಲಾರದು. ಬಿಸಿಲಿಗೆ ದ್ರವ ಹಿಗ್ಗಲೆಂದು ಬಿಡಬೇಕಾದ ಜಾಗವನ್ನು ಅಳೆದು ಬಿಡುವವರೂ ಅಲ್ಲಿಲ್ಲ.

ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಅನಿಲದ ಡಬ್ಬಿಯನ್ನು ಒಯ್ಯಲು ಅನುಮತಿಯಿಲ್ಲ. "ಇಷ್ಟು ಚಿಕ್ಕದಲ್ಲವೇ" ಎಂದು ಹಾಸಿಗೆಯ ಸುರುಳಿಯೊಳಗೆ ಅಡಗಿಸುವ ಮುನ್ನ ಮಧುರೆಯ ದುರಂತವನ್ನು ನೆನೆಯಬೇಕು. 2023ರ ಆಗಸ್ಟ್ 26ರ ಮುಂಜಾನೆ ಅಲ್ಲಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು 9 ಜನ ಮಡಿದರು. ಕದ್ದು ತಂದಿದ್ದ ಅನಿಲದ ಸಿಲಿಂಡರೇ ಕಾರಣವೆಂದು ರೈಲ್ವೆ ಇಲಾಖೆ ತಿಳಿಸಿತು. ಒಲೆಯನ್ನು ಮಾತ್ರ ಒಯ್ದು, ಅನಿಲವನ್ನು ತಲುಪಿದ ಊರಿನಲ್ಲಿ ಕೊಳ್ಳುವುದೇ ಸರಿಯಾದ ಕ್ರಮ. ಅಲ್ಲಿ ಯಾವ ಬಾಯಿಯ ಡಬ್ಬಿ ಸಿಗುತ್ತದೆಂದು ಮೊದಲೇ ವಿಚಾರಿಸಿ ಅದಕ್ಕೆ ತಕ್ಕ ಒಲೆಯನ್ನು ಆರಿಸಬೇಕು. ಸ್ವಂತ ಕಾರಿನಲ್ಲಿ ಹೊರಡುವ ದೊಡ್ಡ ಸಂಸಾರಕ್ಕೆ 5 ಕಿಲೋಗ್ರಾಂ ಸಿಲಿಂಡರು ಅನುಕೂಲ. 2013ರಿಂದ ಇದನ್ನು ಗುರುತಿನ ಚೀಟಿ ತೋರಿಸಿ ಪೆಟ್ರೋಲ್ ಬಂಕುಗಳಲ್ಲಿಯೂ ಕೊಳ್ಳಬಹುದಾಗಿದೆ. ರೆಗ್ಯುಲೇಟರನ್ನೂ ಮಾರಿದವರಿಂದಲೇ ಪಡೆಯಬೇಕು. ಸಿಲಿಂಡರನ್ನು ಕಾರಿನಲ್ಲಿ ನೆಟ್ಟಗೆ ನಿಲ್ಲಿಸಿ ಬಿಗಿದಿರಬೇಕು.

ಜೋಡಿಸುವಾಗ ರಬ್ಬರಿನ ಉಂಗುರ ಬಿರಿದಿದೆಯೇ ಎಂದು ನೋಡಿ, ಕೈಯಿಂದಷ್ಟೇ ಬಿಗಿದು, ಸಾಬೂನಿನ ನೊರೆ ಹಚ್ಚಬೇಕು. ಗುಳ್ಳೆ ಎದ್ದರೆ ಅಂದು ಒಲೆ ಹಚ್ಚುವ ಮಾತಿಲ್ಲ. ಈ ಅನಿಲ ಗಾಳಿಗಿಂತ ಭಾರ. ಸೋರಿದ್ದು ಗುಡಾರದ ನೆಲದ ಮೇಲೆ, ಮಕ್ಕಳ ಹಾಸಿಗೆಯ ಮಟ್ಟದಲ್ಲಿಯೇ ನಿಲ್ಲುತ್ತದೆ. ಮುಚ್ಚಿದ ಗುಡಾರದೊಳಗೆ ಉರಿದ ಒಲೆಯಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ. ಎಷ್ಟೇ ಚಳಿಯಿದ್ದರೂ ಅಡುಗೆ ಹೊರಗೇ ಆಗಬೇಕು.

ಎಷ್ಟು ಅನಿಲ ಬೇಕೆಂಬ ಲೆಕ್ಕ ಕಠಿಣವೇನಲ್ಲ. ಗಾಳಿಯಿಲ್ಲದೆಡೆಯಲ್ಲಿ 1 ಲೀಟರ್ ನೀರು ಕುದಿಯಲು 15 ಗ್ರಾಂನಷ್ಟು ಸಾಕು. 230 ಗ್ರಾಂ ಡಬ್ಬಿ ಸುಮಾರು 15 ಲೀಟರಿಗೆ ಬರುತ್ತದೆ. ಆದರೆ 4000 ಮೀಟರ್ ಎತ್ತರದಲ್ಲಿ ನೀರು 87 ಡಿಗ್ರಿಗೇ ಕುದಿಯುವುದರಿಂದ ತೊಗರಿಬೇಳೆ ಗಂಟೆಗಟ್ಟಲೆ ಕುದಿದರೂ ಬೇಯದು. ಸಾರಿನ ಆಸೆಯಿದ್ದವರು ಚಿಕ್ಕ ಕುಕ್ಕರನ್ನೂ, ಅದರ ಭಾರಕ್ಕೆ ವಾಲದಂತೆ ನೆಲದ ಮೇಲೆ ಕೂರುವ ಕೊಳವೆಯ ಒಲೆಯನ್ನೂ ಒಯ್ಯಬೇಕು. ಕಾಫಿಗೆ ಮಾತ್ರ 87 ಡಿಗ್ರಿ ಧಾರಾಳವಾಗಿ ಸಾಕು.