ರೀಲಿನ ಕಟಕಟ

ಕಳೆದ ಸಂಚಿಕೆಯಲ್ಲಿ ತೀರ್ಥನ್ ಹೊಳೆಯ ದಂಡೆಯ ಮೇಲೆ ಕಳೆದ ಮೂರು ದಿನಗಳ ವಿಚಾರವನ್ನು ಬರೆದಿದ್ದೆನಷ್ಟೆ. ಅದನ್ನೋದಿದ ಗಾಜಿಯಾಬಾದಿನ ವಾಚಕರೊಬ್ಬರು, ತಮಗೂ ಫ್ಲೈ ಗಾಳದ ಆಸೆ ಹತ್ತಿದೆಯೆಂದೂ, ಎಂಥ ರೀಲನ್ನು ಕೊಳ್ಳಬೇಕು, ಕೊಂಡಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ತಿಳಿಸಬೇಕೆಂದೂ ಕೇಳಿದ್ದಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗೆ ಅಷ್ಟಿಷ್ಟು ಉಂಟು. ಎರಡನೆಯದಕ್ಕೆ ಉತ್ತರ ಹೇಳುವಾಗ ಮಾತ್ರ ತಲೆ ತಗ್ಗಿಸಿಕೊಂಡೇ ಹೇಳಬೇಕು. ಏಕೆಂಬುದು ಮುಂದೆ ಗೊತ್ತಾದೀತು.

ಈ ವಿದ್ಯೆಯನ್ನು ಅರಿಯದವರಿಗಾಗಿ ಎರಡು ಮಾತು. ನಮ್ಮೂರ ಕೆರೆಯಲ್ಲಿ ಹುಡುಗರು ಗಾಳಕ್ಕೆ ಎರೆಹುಳು ಚುಚ್ಚಿ, ಸೀಸದ ಗುಂಡು ಕಟ್ಟಿ ಎಸೆಯುತ್ತಿದ್ದರು. ಗುಂಡಿನ ಭಾರಕ್ಕೆ ದಾರ ಹೋಗುತ್ತಿತ್ತು. ಫ್ಲೈ ಗಾಳದಲ್ಲಿ ಇರುವುದು ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಸಿನೊಣ. ಅದಕ್ಕೆ ತೂಕವೆಂಬುದೇ ಇಲ್ಲ. ತೂಕವೆಲ್ಲ ದಾರದ್ದು. ಸುಮಾರು 90 ಅಡಿ ಉದ್ದದ ಆ ದಪ್ಪ ದಾರದಲ್ಲಿ ಬೇಕಾದಷ್ಟನ್ನು ಹೊರಗೆಳೆದು, ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ನೊಣ ತಾನಾಗಿ ಬಂದು ಕುಳಿತಂತೆ ನೀರಿನ ಮೇಲೆ ಇಳಿಸಬೇಕು. ಹೀಗಿರಲು ಎಸೆಯುವ ಕೆಲಸದಲ್ಲಿ ರೀಲಿನ ಪಾತ್ರವೇನೂ ಇಲ್ಲ. ದಾರವನ್ನು ಸುತ್ತಿಟ್ಟುಕೊಳ್ಳುವುದು, ಮೀನು ಓಡಿದಾಗ ತಡೆದು ತಡೆದು ಬಿಡುವುದು, ಅದರ ಉದ್ಯೋಗ ಇಷ್ಟೇ.

ಆದ್ದರಿಂದ ನನ್ನಂಥ ಸಂಬಳದವರು ಕೈಯಲ್ಲಿರುವ ಹಣವನ್ನೆಲ್ಲ ರೀಲಿಗೆ ಸುರಿಯಬಾರದು. ಅಂಗಡಿಯ ಗಾಜಿನೊಳಗೆ ಅದು ಒಡವೆಯಂತೆ ಹೊಳೆಯುತ್ತದೆ ನಿಜ. ಆದರೆ ಒಳ್ಳೆಯ ದಾರಕ್ಕೆ ಹಾಕಿದ ಹಣ ಪ್ರತಿಯೊಂದು ಬೀಸಿಗೂ ಫಲ ಕೊಡುತ್ತದೆ. “ಹಿಡಿದ ಮೀನನ್ನು ಮತ್ತೆ ಹೊಳೆಗೇ ಬಿಡುತ್ತೀರಿ. ಅದಕ್ಕೆ ಇಷ್ಟು ಖರ್ಚೇ?” ಎಂದು ನಮ್ಮಾಕೆ ಕೇಳುವ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ನಂಬರು. ಕೋಲು, ದಾರ, ರೀಲು ಮೂರಕ್ಕೂ ನಂಬರುಗಳುಂಟು. ಜಾತಕದಂತೆ ಅವು ಕೂಡಿಬರಬೇಕು. ಹಿಮಾಚಲದ ಹೊಳೆಗಳ ಟ್ರೌಟ್ ಮೀನಿಗೆ 9 ಅಡಿಯ, 5ನೆಯ ನಂಬರಿನ ಕೋಲು ಸಾಕು. ರೀಲಿನ ಮೇಲೆ 5/6 ಎಂದಿದ್ದರೆ ಸರಿಹೋಗುತ್ತದೆ. ದಾರದ ಕೆಳಗೆ ಬ್ಯಾಕಿಂಗ್ ಎಂಬ ಸಣ್ಣ ಡೇಕ್ರಾನ್ ದಾರವನ್ನು 50ರಿಂದ 100 ಗಜದಷ್ಟು ಸುತ್ತಬೇಕು. ದೊಡ್ಡ ಮೀನು ಇದ್ದಷ್ಟು ದಾರವನ್ನೂ ಎಳೆದುಕೊಂಡು ಓಡಿದರೆ ಕೈಕಾಯುವ ಆಪದ್ಧನ ಅದು. ಸ್ಪೂಲಿನ ನಡುವಿನ ಗುಂಬ ದಪ್ಪವಾಗಿದ್ದಷ್ಟೂ ಒಂದು ಸುತ್ತಿಗೆ ಹೆಚ್ಚು ದಾರ ಒಳಬರುತ್ತದೆ. ದಾರ ಸುರುಳಿಗಟ್ಟುವ ಕಾಟವೂ ಕಡಿಮೆ.

ಎರಡನೆಯದು ತಡೆ. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಹಲ್ಲಿನ ಚಕ್ರದ ಮೇಲೆ ಸ್ಪ್ರಿಂಗು ಒತ್ತಿ ಹಿಡಿದ ಸಣ್ಣ ನಾಲಿಗೆಯೊಂದಿದ್ದು, ತಿರುಗಿದಂತೆಲ್ಲ ಕಟಕಟ ಸದ್ದು ಮಾಡುತ್ತದೆ. ಇನ್ನೊಂದರಲ್ಲಿ ವಾಹನದ ಡಿಸ್ಕ್ ಬ್ರೇಕಿನಂತೆ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ತಡೆಯುತ್ತವೆ. ಕಡಲಮೀನಿಗೆ, ದೊಡ್ಡ ಮಹಶೀರಿಗೆ ಎರಡನೆಯದೇ ಬೇಕು. ನಮ್ಮ ಕಬಿನಿಯಲ್ಲಿ 1946ರಲ್ಲಿ 120 ಪೌಂಡಿನ ಮಹಶೀರ್ ಸಿಕ್ಕಿತ್ತು; ಅಂಥದರ ಮುಂದೆ ಕಟಕಟ ನಾಲಿಗೆ ಏನು ಮಾಡೀತು! ಆದರೆ ಅರ್ಧ ಕಿಲೋ ಟ್ರೌಟಿಗೆ ಮೊದಲನೆಯದು ಧಾರಾಳವಾಯಿತು. ಹೆಚ್ಚಿನ ತಡೆ ಬೇಕೆನಿಸಿದರೆ ತಿರುಗುವ ಅಂಚಿಗೆ ಅಂಗೈ ಒತ್ತಿದರಾಯಿತು. ಅದಕ್ಕಾಗಿ ಅಂಚು ಹೊರಗೆ ಕಾಣುವ ರೀಲನ್ನೇ ಆರಿಸಿಕೊಳ್ಳಿ.

ಯಾವ ಜಾತಿಯಾದರೂ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬೇಕು. ದಾರದ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಜಗ್ಗದೆ ನುಣ್ಣಗೆ ಹೊರಟರೆ ಸರಿ. ಮೊದಲು ಬಿಗಿಹಿಡಿದು ಆಮೇಲೆ ತಟಕ್ಕನೆ ಬಿಟ್ಟರೆ ಅಲ್ಲೇ ಬಿಟ್ಟು ಬನ್ನಿ. ಮೀನು ಹೋಗುವುದು ಸಾಮಾನ್ಯವಾಗಿ ಆ ಮೊದಲ ಎಳೆತದಲ್ಲೇ. ನೊಣ ಕಟ್ಟಿದ ತುದಿಯ ಎಳೆ ಕೂದಲಿನಷ್ಟು ಸಣ್ಣದು. ಸ್ಪೂಲಿಗೂ ಚೌಕಟ್ಟಿಗೂ ನಡುವೆ ಸಂದಿ ಹೆಚ್ಚಾಗಿದ್ದರೂ ಬೇಡ, ಆ ಎಳೆ ಅದರೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ರೀಲು ಅಗ್ಗ, ಆದರೆ ಬಂಡೆಯ ಮೇಲೆ ಬಿದ್ದರೆ ಬಿರುಕು ಬಿಡುವುದುಂಟು. ಗಟ್ಟಿ ಅಲ್ಯುಮಿನಿಯಮ್ಮನ್ನು ಕಡೆದು ಮಾಡಿದ್ದಕ್ಕೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಬಲಗೈಯಲ್ಲಿ ಬೀಸುವವರು ಎಡಗೈಯಲ್ಲಿ ಸುತ್ತುವುದನ್ನು ಮೊದಲೇ ರೂಢಿಸಿಕೊಂಡರೆ ಮೀನು ಸಿಕ್ಕಾಗ ಕೈ ಬದಲಿಸುವ ತಾಪತ್ರಯವಿಲ್ಲ.

ಇನ್ನು ಎರಡನೆಯ ಪ್ರಶ್ನೆ.

ನಾನು ತೀರ್ಥನ್ನಿಗೆ ಒಯ್ದ ರೀಲು ನನ್ನದಲ್ಲ. ನಮ್ಮ ಕ್ವಾರ್ಟರ್ಸಿನ ಕೆಳಮನೆಯ ರಾಯರದು. ರಾಯರು ನಿವೃತ್ತರಾಗಿ ಬಹುಕಾಲವಾಯಿತು. ಹಿಂದೆ ಕಾಶ್ಮೀರದ ಹೊಳೆಗಳಲ್ಲಿ ಅದನ್ನು ಬಳಸಿದವರು. ಈಗ ಮಂಡಿನೋವು. “ಇನ್ನು ನಾನು ನೀರಿಗಿಳಿಯುವ ಹಾಗಿಲ್ಲ. ನೀನು ಒಯ್ಯಯ್ಯ. ಆಗಾಗ ಅದರ ಸದ್ದು ಕೇಳಿಸಿದರೆ ಸಾಕು” ಎಂದು ಕೊಟ್ಟಿದ್ದರು. ಕಟಕಟ ಜಾತಿಯ ಹಳೆಯ ರೀಲು. ತಯಾರಿಸಿದವರ ಹೆಸರು ಕೂಡ ಸವೆದುಹೋಗಿದೆ.

ಜೂನಿನಲ್ಲಿ ಬಂಜಾರಿನಿಂದ ಹೊರಟು ಔಟಿಗೆ ಬಂದು ರಾತ್ರಿಯ ಬಸ್ಸು ಹಿಡಿದೆ. ಬೆಳಗ್ಗೆ ಕಾಶ್ಮೀರಿ ಗೇಟಿನಲ್ಲಿಳಿದು ಮನೆಗೆ ಓಡಿ, ಸ್ನಾನ ಮಾಡಿ ಕಛೇರಿಗೆ ಓಡಿದೆ. ಒದ್ದೆ ರೀಲು ಒದ್ದೆ ಚೀಲದಲ್ಲಿ ಅಟ್ಟ ಸೇರಿತು. ಆಮೇಲೆ ಮಳೆಗಾಲ ಬಂತು, ಹೋಯಿತು. ಆಯುಧಪೂಜೆಯ ದಿನ ಸ್ಕೂಟರು, ಸ್ಕ್ರೂಡ್ರೈವರುಗಳ ಜೊತೆಗೆ ಅದನ್ನೂ ಇಡೋಣವೆಂದು ತೆಗೆದು ನೋಡಿದರೆ, ಮೈಯೆಲ್ಲ ಬೂದಿಬಳಿದಂತೆ ಬಿಳಿಪುಡಿ, ತಿರುಗಿಸಿದರೆ ಸದ್ದಿಲ್ಲ. ಸ್ಪ್ರಿಂಗು ತುಕ್ಕುಹಿಡಿದು ಎರಡು ತುಂಡಾಗಿತ್ತು.

ಅಮೆರಿಕದ ಚಾರ್ಲ್ಸ್ ಆರ್ವಿಸ್ 1874ರಲ್ಲಿ ಪೇಟೆಂಟು ಪಡೆದ ರೀಲಿಗೆ ಮೈತುಂಬ ತೂತುಗಳಿದ್ದವು. ದಾರಕ್ಕೆ ಗಾಳಿಯಾಡಲಿ, ತೂಕವೂ ಇಳಿಯಲಿ ಎಂದು. ಅಂದಿನಿಂದ ರೀಲು ಮಾಡುವವರು ತೂತು ಕೊರೆಯುತ್ತಲೇ ಇದ್ದಾರೆ. ನಾನು ತೂತುಗಳನ್ನೆಲ್ಲ ಚೀಲದಿಂದ ಮುಚ್ಚಿ ನಾಲ್ಕು ತಿಂಗಳು ಇಟ್ಟಿದ್ದೆ!

ನಾನು ಮಾಡಬೇಕಾಗಿದ್ದುದು ಹತ್ತು ನಿಮಿಷದ ಕೆಲಸ. ಸ್ಪೂಲನ್ನು ಬಿಚ್ಚಿ ನಲ್ಲಿಯ ನೀರಿನಲ್ಲಿ ಮೆಲ್ಲಗೆ ತೊಳೆಯಬೇಕು. ರಭಸದ ಧಾರೆ ಕೂಡದು, ಮರಳನ್ನು ಇನ್ನೂ ಒಳಕ್ಕೆ ನೂಕುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗಳನ್ನು ತಿಕ್ಕಿ, ದಾರವನ್ನು ಒಂದಷ್ಟು ಸಡಿಲಿಸಿ, ಎಲ್ಲವನ್ನೂ ನೆರಳಿನಲ್ಲಿ ಪೂರ್ತಿ ಆರಿಸಬೇಕು. ನಡುಗೂಟಕ್ಕೆ ಒಂದು ತೊಟ್ಟು ಎಣ್ಣೆ, ಹಲ್ಲುಚಕ್ರಕ್ಕೆ ಕಡ್ಡಿಯ ತುದಿಯಷ್ಟು ಗ್ರೀಸು; ಅದಕ್ಕಿಂತ ಹೆಚ್ಚಾದರೆ ದೂಳು ಅಂಟುತ್ತದೆ. ಮುಚ್ಚಿ ಸೀಲುಮಾಡಿದ ತಡೆಯನ್ನು ಬಿಚ್ಚುವ ಸಾಹಸ ಬೇಡ. ಡಿಸ್ಕಿನ ರೀಲಾದರೆ ಎತ್ತಿಡುವಾಗ ತಡೆಯ ಗುಂಡಿಯನ್ನು ಸಡಿಲಿಸಿಡಿ. ಸೊಳ್ಳೆಯ ಮುಲಾಮು ಬಳಿದ ಕೈಯಲ್ಲಿ ದಾರ ಮುಟ್ಟಬೇಡಿ, ಅದರ ಲೇಪ ಕರಗುತ್ತದೆ. ಕಡಲಿನಲ್ಲಿ ಬಳಸಿದ್ದಾದರೆ ಉಪ್ಪು ಬಿಡುವಂತೆ ಸಿಹಿನೀರಿನಿಂದ ಅಂದೇ ತೊಳೆಯಬೇಕು, ಮರುದಿನವಲ್ಲ.

ಎರಡು ವಾರ ರಾಯರ ಕಣ್ಣಿಗೆ ಬೀಳದಂತೆ ಸ್ಕೂಟರನ್ನು ಹಿಂಬದಿಯಲ್ಲಿ ನಿಲ್ಲಿಸಿ ಓಡಾಡಿದೆ. ಕೊನೆಗೆ ಒಂದು ಭಾನುವಾರ ಹೋಗಿ, “ರಾಯರೆ, ನನ್ನಿಂದ ತಪ್ಪಾಯಿತು” ಎಂದು ರೀಲನ್ನು ಮುಂದಿಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಬೆರಳಿನಿಂದ ಬಿಳಿಪುಡಿಯನ್ನು ಒರೆಸಿ ನೋಡುತ್ತಿದ್ದರು. ಬೈದಿದ್ದರೆ ಸುಲಭವಾಗುತ್ತಿತ್ತು. ಆಮೇಲೆ “ಗಡಿಯಾರ ರಿಪೇರಿಯವನಿಗೆ ತೋರಿಸಿದೆಯಾ?” ಎಂದಷ್ಟೇ ಕೇಳಿದರು.

ನಮ್ಮ ಮಾರ್ಕೆಟ್ಟಿನ ಗಡಿಯಾರದ ಮುದುಕ ಮೊದಲು ನಕ್ಕ. ಆಮೇಲೆ ಹಳೆಯ ಅಲಾರಮ್ಮಿನ ಸ್ಪ್ರಿಂಗಿನಿಂದ ಒಂದು ತುಂಡು ಕತ್ತರಿಸಿ, ಕಾಸಿ, ಬಗ್ಗಿಸಿ ಕೂರಿಸಿಕೊಟ್ಟ. ಮೂರನೆಯ ಸಲಕ್ಕೆ ಸರಿಯಾಯಿತು. ರಾಯರು ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು.

“ದನಿ ಸ್ವಲ್ಪ ಗೊಗ್ಗರಾಗಿದೆ” ಎಂದರು. ಮತ್ತೆ ತಿರುಗಿಸಿದರು. ಬಳಿಕ ರೀಲನ್ನು ನನ್ನ ಕೈಗೇ ಕೊಟ್ಟು, “ನವೆಂಬರಿನಿಂದ ಫೆಬ್ರವರಿಯವರೆಗೆ ಹಿಮಾಚಲದಲ್ಲಿ ಟ್ರೌಟ್ ಹಿಡಿಯುವಂತಿಲ್ಲ. ಮಾರ್ಚಿಯಲ್ಲಿ ಹೊಳೆ ತೆರೆಯುತ್ತದೆ. ರಜೆಗೆ ಅರ್ಜಿ ಹಾಕಿದೆಯೇನಯ್ಯ?” ಎಂದು ಕೇಳಿದರು.

ಹಾಕಿರಲಿಲ್ಲ. ಮರುದಿನ ಹಾಕಿದೆ.